ಹೊಂಡಕ್ಕಿಳಿದ ಮರಮ್ಮ

ಬಿಳಿ ಸೀರೆ ಬೇಡವೆಂದು ಪ್ರಿಯಾ ವಾರವೆಲ್ಲ ಫೋನಿನಲ್ಲಿ ಜಗಳವಾಡಿದ್ದಳು. ಊರಿಗೆ ಬಂದ ಮೇಲೂ ಬಿಡಲಿಲ್ಲ. ದೀಕ್ಷಾಸ್ನಾನಕ್ಕೆ ಬಿಳಿ ಉಟ್ಟರೆ ಚೆನ್ನ ಎಂದು ಪಾಸ್ಟರ್ ಕಾಂತರಾಜ್ ಹೇಳಿದ್ದೇ ಸಾಕಾಗಿ, ಅವ್ವ ಮರಮ್ಮ ಹುಣಸೂರಿನಿಂದ ಒಂದು ಸೀರೆ ತಂದು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಳು.

"ಹೊಲದ ದಾರೀಲಿ ಬಿಳೀ ಸೀರೆ ಉಟ್ಕಂಡು ಹೋದ್ರೆ ನೋಡ್ದೋರು ಸುಮ್ನಿರ್ತಾರಾ ಅವ್ವ? ನೈಟೀಲೇ ಬಾ. ಕೂಲಿಗೆ ಹೊಂಟಂಗಿರ್ಲಿ."

"ದೇವ್ರ ಕೆಲ್ಸಕ್ಕೆ ನೈಟೀಲಿ ಹೋಗೋದೇನವ್ವ?"

"ದೇವ್ರು ಏನೂ ಅನ್ಕಳ್ಳಲ್ಲ. ಊರೋರು ಅನ್ಕತಾರೆ."

ಮರಮ್ಮ ಸೋತಳು. ಹಳದಿ ನೈಟಿ, ಮೇಲೆ ತೀರಿಹೋದ ಗಂಡ ಮುದ್ದಯ್ಯನ ತುಂಬುತೋಳಿನ ಶರ್ಟು. ಹೊಗೆಸೊಪ್ಪು ಕೀಳಲು ಹೋಗುವ ಹೆಂಗಸರೆಲ್ಲ ಹೀಗೇ ಇರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ.

ಪ್ರಿಯಾಗೆ ಬೇಕಾದದ್ದು ಅದೇ, ಯಾರೂ ತಿರುಗಿ ನೋಡದಿರುವುದು. ಅವಳು ಹುಣಸೂರಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಇರುವುದು ಸರ್ಕಾರಿ ಹಾಸ್ಟೆಲ್ಲು, ಓದುವುದು ಸ್ಕಾಲರ್‌ಶಿಪ್ಪಿನಲ್ಲಿ, ಎರಡಕ್ಕೂ ಆಧಾರ ಎಸ್ಸಿ ಸರ್ಟಿಫಿಕೇಟು. ಕ್ರೈಸ್ತರಾದವರಿಗೆ ಆ ಸರ್ಟಿಫಿಕೇಟು ನಡೆಯುವುದಿಲ್ಲ ಎಂದು ಹಾಸ್ಟೆಲ್ಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ತಾಯಿ ಒಬ್ಬಳೇ ಕ್ರೈಸ್ತಳಾದರೆ ಮಗಳಿಗೆ ಏನಾಗುತ್ತದೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಾಲ್ಲೂಕು ಕಚೇರಿಗೆ ಹೋಗಿ ಕೇಳೋಣವೆಂದರೆ, ನೀನ್ಯಾಕೆ ಕೇಳ್ತಿದ್ದೀಯ ಎಂಬ ಪ್ರಶ್ನೆ ಮೊದಲು ಬರುತ್ತದೆ.

ಎರಡನೆಯ ಭಯಕ್ಕೆ ಹೆಸರಿತ್ತು: ಮಲ್ಲೇಶ. ಅವ್ವ ಕೂಲಿಗೆ ಹೋಗುವ ಶಿವನಂಜಪ್ಪನವರ ಮಗ. ಕಳೆದ ತಿಂಗಳು ಪಕ್ಕದೂರಿನ ಮನೆಯೊಂದರಲ್ಲಿ ಕ್ರೈಸ್ತರ ಪ್ರಾರ್ಥನೆ ನಡೆಯುತ್ತಿದ್ದಾಗ ಹುಡುಗರ ಗುಂಪೊಂದು ನುಗ್ಗಿ, ಕುರ್ಚಿ ಮುರಿದು, ಹೆಂಗಸರು ಮುಖಕ್ಕೆ ಅಡ್ಡ ಹಿಡಿದ ಸೆರಗು ಎಳೆದು ವಿಡಿಯೋ ಮಾಡಿತ್ತು. ಆ ವಿಡಿಯೋ ಹಾಸ್ಟೆಲ್ಲಿನ ಫೋನುಗಳಿಗೂ ಬಂತು. ಬಾಗಿಲ ಹತ್ತಿರ ನಿಂತು ನಗುತ್ತಿದ್ದ ಮಲ್ಲೇಶನನ್ನು ಪ್ರಿಯಾ ಗುರುತು ಹಿಡಿದಳು. ಅವ್ವನಿಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ.

ಇಷ್ಟು ಗೊತ್ತಿದ್ದೂ ಅವ್ವನಿಗೆ ಮುಳುಗಲೇಬೇಕಾಗಿತ್ತು.

ಕಾಂತರಾಜ್ ಕೆ.ಆರ್. ನಗರದಲ್ಲಿ ಬಾಡಿಗೆ ಹಾಲ್ ಹಿಡಿದು ಪ್ರಾರ್ಥನೆ ನಡೆಸುತ್ತಿದ್ದರು. ಮರಮ್ಮ ಅಲ್ಲಿಗೆ ಹೋಗಲು ಶುರುಮಾಡಿ ಎರಡು ವರ್ಷವಾಗಿತ್ತು. ಹಾಡಿಗೆ, ಅಳುವಿಗೆ, ಕೊನೆಯ ಚಿತ್ರಾನ್ನಕ್ಕೆ ಎಲ್ಲಕ್ಕೂ ಅವಳಿಗೆ ಜಾಗವಿತ್ತು. ತಿಂಗಳಿಗೊಮ್ಮೆ ರೊಟ್ಟಿಯ ಚೂರು, ದ್ರಾಕ್ಷಿ ರಸ ಇಟ್ಟ ತಟ್ಟೆ ಬರುವಾಗ ಮಾತ್ರ ಇಲ್ಲ. ಅದು ದೀಕ್ಷಾಸ್ನಾನದಲ್ಲಿ ಮುಳುಗಿ ಎದ್ದವರಿಗಷ್ಟೇ.

"ತಟ್ಟೆ ಈ ಪಕ್ಕದೋಳ ತಾವ ಬತ್ತದೆ, ನನ್ನ ದಾಟ್ಕಂಡು ಆ ಪಕ್ಕದೋಳ್ಗೆ ಹೋಯ್ತದೆ ಕಣವ್ವ," ಎಂದು ಮರಮ್ಮ ಒಮ್ಮೆ ಹೇಳಿದ್ದಳು. "ಹುಟ್ಟಿದಾಗಿಂದ ಇದೇ ನೋಡಿವ್ನಿ. ಮಾರಮ್ಮನ ಹೆಸರ್ನೇ ಮರಮ್ಮ ಅಂತ ಇಟ್ಕಂಡು ಮಾರಮ್ಮನ ಗುಡಿ ಹೊಸ್ತಿಲು ದಾಟಿಲ್ಲ ನಾನು. ಇಲ್ಲಿ ಒಂದೇ ಒಂದು ಕಿತ ಮುಳುಗುದ್ರೆ ತಟ್ಟೆ ನಿಂತ್ಕತದೆ ಅಂತವ್ರೆ. ಮುಳುಗ್ಬುಡ್ತೀನಿ."

ನಂಬಿಕೆ ಪ್ರಿಯಾಗೆ ಆ ದೇವರಲ್ಲೂ ಇರಲಿಲ್ಲ, ಈ ದೇವರಲ್ಲೂ ಇರಲಿಲ್ಲ. ಆದರೆ ತಟ್ಟೆ ದಾಟಿಹೋಗುವುದು ಏನೆಂದು ಗೊತ್ತಿತ್ತು. ಹಾಗಾಗಿ ಜಾಗ ಹುಡುಕುವ ಕೆಲಸ ತಾನೇ ವಹಿಸಿಕೊಂಡಳು. ಹೊಳೆಯಲ್ಲಾದರೆ ಜನ ಓಡಾಡುತ್ತಾರೆ, ಕೆರೆಯಲ್ಲಾದರೆ ಬಟ್ಟೆ ಒಗೆಯುವವರಿರುತ್ತಾರೆ. ಶಿವನಂಜಪ್ಪನವರ ಹೊಲದಲ್ಲೊಂದು ಕೃಷಿ ಹೊಂಡವಿತ್ತು. ಸುತ್ತ ಆಳೆತ್ತರದ ಮುಸುಕಿನ ಜೋಳ. ಅಪ್ಪ ಮಗ ಇಬ್ಬರೂ ಹೊಗೆಸೊಪ್ಪಿನ ಬೇಲುಮೂಟೆ ಹೇರಿಕೊಂಡು ಪಿರಿಯಾಪಟ್ಟಣದ ಹರಾಜಿಗೆ ಹೋಗುವ ದಿನವನ್ನೂ ಅವಳೇ ಗೊತ್ತುಮಾಡಿದಳು.

ಬೆಳಿಗ್ಗೆ ಹೊಲದ ದಾರಿಯಲ್ಲಿ ನಡೆಯುವಾಗ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಪ್ರಿಯಾ ನಿಂತಳು.

"ಯಾರೋ ಅವ್ರೆ ಅಲ್ಲಿ."

"ದೊಡ್ಡಬೀರಯ್ಯ ಬೆಂಕಿ ಹಾಕ್ತಾವ್ನೆ ಬುಡು. ಪಕ್ಕದಲ್ಲಿ ಪಟಾಕಿ ಹೊಡುದ್ರೂ ಅವ್ನಿಗೆ ಕೇಳಕಿಲ್ಲ."

ಕಾಂತರಾಜ್ ಬೈಕನ್ನು ಜೋಳದೊಳಕ್ಕೆ ನುಗ್ಗಿಸಿ ನಿಲ್ಲಿಸಿ, ಬದುವಿನ ಮೇಲೆ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟು, ಬೆಲ್ಟು. ಮೂರು ಸಲ ಹಿಂದೆ ತಿರುಗಿ ನೋಡಿದರು. ಅವರಿಗೂ ಭಯವಿದೆ ಎಂದು ಗೊತ್ತಾದ ಕೂಡಲೇ ಪ್ರಿಯಾಳ ಭಯ ಇನ್ನಷ್ಟು ಹೆಚ್ಚಿತು.

ಹೊಂಡ ಮಳೆಗೆ ಅಂಚಿನವರೆಗೆ ತುಂಬಿತ್ತು. ನಾಲ್ಕೂ ಕಡೆ ಇಳಿಜಾರು. ನೀರು ಇಂಗದಿರಲೆಂದು ತಳದಿಂದ ಅಂಚಿನ ತನಕ ಕರಿ ಪ್ಲಾಸ್ಟಿಕ್ ಹಾಸಿದ್ದರು, ಅದರ ಮೇಲೆ ಪಾಚಿ ಕಟ್ಟಿತ್ತು. ಮೆಟ್ಟಿಲಿರಲಿಲ್ಲ. ಕಲ್ಲುಕಂಬಕ್ಕೆ ಕಟ್ಟಿದ ಹಗ್ಗದ ಒಂದು ತುಂಡಿತ್ತು, ಉಳಿದದ್ದು ಕೊಳೆತು ಹೋಗಿತ್ತು.

"ನಾನು ನಾಲೇಲಿ ಮಾಡ್ಸಿ ಅಭ್ಯಾಸಮ್ಮ," ಎಂದರು ಕಾಂತರಾಜ್. "ಅಲ್ಲಿ ಮೆಟ್ಲಿರುತ್ತೆ. ಸೊಂಟದ ಮಟ್ಟ ನೀರು. ಇದು ಆಳ ಎಷ್ಟು?"

"ಅಂಚಲ್ಲೇ ನಿಂತ್ಕಳಿ ಸಾರ್," ಎಂದಳು ಪ್ರಿಯಾ. "ಬೇಗ ಮುಗ್ಸಿ."

ಅವರು ಮರಮ್ಮನ ಕಡೆ ತಿರುಗಿದರು. ದನಿ ಸ್ವಲ್ಪ ಗಟ್ಟಿಯಾಯಿತು. "ನೋಡಮ್ಮ, ಇದು ಮೈ ತೊಳ್ಕೊಳ್ಳೋ ನೀರಲ್ಲ. ಕೆಳಗೆ ಹೋಗೋದು ಸಾವು, ಸಮಾಧಿ. ಹಳೇ ಮರಮ್ಮ ಅಲ್ಲೇ ಸಾಯ್ತಾಳೆ. ಮೇಲೆ ಬರೋಳು ಹೊಸಬಳು."

"ಸತ್ತೋದೋಳ್ಗೆ ಶನಿವಾರದ ಬಟವಾಡೆ ಕೊಡ್ತಾರಾ ಸ್ವಾಮಿ?" ಎಂದಳು ಮರಮ್ಮ. ಆಮೇಲೆ ನಗು ನಿಲ್ಲಿಸಿ, "ಗೊತ್ತು ಕಣ್ರಪ್ಪ. ಇಳ್ಸಿ," ಎಂದಳು.

ಕಾಂತರಾಜ್ ಹಗ್ಗದ ತುಂಡು ಹಿಡಿದು ಇಳಿದರು. ಸೊಂಟದ ಮಟ್ಟದಲ್ಲಿ ಹಾಸಿದ ಪ್ಲಾಸ್ಟಿಕ್ಕಿನ ಒಂದು ಸುಕ್ಕು ಕಾಲಿಗೆ ಸಿಕ್ಕಿತು. ಅದಕ್ಕೆ ಹಿಮ್ಮಡಿ ಕೊಟ್ಟು ನಿಂತು ಕೈ ಚಾಚಿದರು. ಮರಮ್ಮ ಕೂತುಕೊಂಡೇ ಜಾರಿ ಅವರ ಪಕ್ಕಕ್ಕೆ ಇಳಿದಳು. ನೈಟಿ ಸುತ್ತ ಉಬ್ಬಿಕೊಂಡಿತು.

ಆಗಲೇ ಬ್ಯಾರನ್ ಕಡೆಯಿಂದ ರೇಡಿಯೋದ ಹಾಡು ಕೇಳಿಸಿದ್ದು. ಹಾಡಿನ ಮೇಲೆ ಒಬ್ಬ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ. "ಇಲ್ಲ ಕಣ್ಲಾ, ನಾನು ಹರಾಜಿಗೆ ಹೋಗ್ನಿಲ್ಲ. ಬೀರಯ್ಯಂಗೆ ಜ್ವರ. ಬೆಂಕಿ ನೋಡ್ಕಂಡು ಕುಂತಿವ್ನಿ."

ಮಲ್ಲೇಶ. ಪ್ರಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳುಗಳ ಸಂದಿಯಿಂದ, "ಸಾರ್, ಅವ್ನೇ. ಬೇಗ," ಎಂದಳು.

ಕಾಂತರಾಜ್ ಮಾಡಬೇಕಿದ್ದ ಪ್ರಾರ್ಥನೆ, ಕೇಳಬೇಕಿದ್ದ ಪ್ರಶ್ನೆ ಎಲ್ಲವನ್ನೂ ಬಿಟ್ಟು ಮರಮ್ಮನ ಬೆನ್ನ ಹಿಂದೆ ಒಂದು ಕೈ ಕೊಟ್ಟರು. ಅವಳನ್ನು ಹಿಡಿಯಲು ಇನ್ನೊಂದು ಕೈಯೂ ಬೇಕಲ್ಲ, ಹಗ್ಗ ಬಿಟ್ಟರು.

"ತಂದೆಯ, ಮಗನ—"

ಅಷ್ಟೇ. ಕಾಲಡಿಯ ಸುಕ್ಕು ಬಿಚ್ಚಿಕೊಂಡಿತು. ಇಬ್ಬರೂ ಜಾರುಬಂಡಿಯ ಮೇಲೆ ಹೋದ ಹಾಗೆ ಒಳಕ್ಕೆ ಹೋದರು.

ಮೊದಲು ಮೇಲೆ ಬಂದದ್ದು ಹಳದಿ ಬಟ್ಟೆ. ಆಮೇಲೆ ಅವ್ವನ ಮುಖ, ಬಾಯಿ ತೆರೆದಿತ್ತು. ಆದರೆ ಕೂಗು ಬರಲಿಲ್ಲ. ಮುಳುಗುವವರು ಕೂಗುವುದಿಲ್ಲ ಎಂಬುದು ಪ್ರಿಯಾಗೆ ಆಗ ಗೊತ್ತಾಯಿತು. ಕೇಳಿಸುತ್ತಿದ್ದದ್ದು ಪ್ಲಾಸ್ಟಿಕ್ಕಿನ ಮೇಲೆ ಉಗುರು ಕೆರೆಯುವ ಸದ್ದು ಮಾತ್ರ. ಕಾಂತರಾಜ್ ಅಂಚಿಗೆ ಕೈ ಹಾಕುವುದು, ಜಾರುವುದು, ಮತ್ತೆ ಕೈ ಹಾಕುವುದು. ಪ್ರಿಯಾ ಮಂಡಿಯೂರಿ ವೇಲು ಎಸೆದಳು. ವೇಲಿನ ತುದಿ ಅವ್ವನ ಕೈಗೆ ಸಿಗದೆ ನೀರಿನ ಮೇಲೆ ಅಂಟಿಕೊಂಡಿತು. ಇನ್ನೂ ಬಗ್ಗಿದರೆ ತನ್ನ ಮಂಡಿಯೂ ಜಾರತೊಡಗಿತು. ಅವಳಿಗೂ ಈಜು ಬಾರದು.

ಹಾಡು ಇನ್ನೂ ಕೇಳಿಸುತ್ತಿತ್ತು. ಒಂದು ಕೂಗು ಹಾಕಿದರೆ ಸಾಕು. ಪ್ರಿಯಾ ತಕ್ಷಣ ಕೂಗಲಿಲ್ಲ. ಹಾಸ್ಟೆಲ್ಲಿನ ಕಬ್ಬಿಣದ ಮಂಚ ಕಣ್ಣ ಮುಂದೆ ಬಂತು. ಫೋನಿನಿಂದ ಫೋನಿಗೆ ಹೋಗುವ ವಿಡಿಯೋದಲ್ಲಿ ಅವ್ವನ ಮುಖ ಬಂತು. ಅಷ್ಟರಲ್ಲಿ ನೀರಿನ ಮೇಲಿದ್ದ ನಿಜವಾದ ಮುಖ ಒಳಕ್ಕೆ ಹೋಯಿತು.

"ಮಲ್ಲೇಶಣ್ಣಾ! ಮಲ್ಲೇಶಣ್ಣೋ! ಹೊಂಡಾ!"

ಅವನು ಜೋಳ ಮುರಿದುಕೊಂಡು ಓಡಿಬಂದ. ಬರುವಾಗಲೇ ಕೈಯಲ್ಲಿ ಬ್ಯಾರನ್ನಿನ ಉದ್ದ ಬಿದಿರು ಗಳವಿತ್ತು. ಹೊಂಡ ಅಂದರೆ ಏನೆಂದು ಅವನಿಗೆ ಗೊತ್ತಿತ್ತು, ಒಂದು ಕರು ಅದರಲ್ಲೇ ಸತ್ತಿತ್ತು. ಅಂಚಿನಲ್ಲಿ ಬೋರಲಾಗಿ ಮಲಗಿ ಗಳ ಚಾಚಿದ. ಕೊರಳಿನ ಲಿಂಗದ ಕರಡಿಗೆ ನೀರಿಗೆ ತಾಗುವಂತೆ ತೂಗುತ್ತಿತ್ತು.

"ನನ್ನ ಕಾಲು ಹಿಡ್ಕೋ! ಬುಟ್ಟೀಯ! ಏ ಮರಮ್ಮಾ, ಗಳ ಹಿಡಿ! ಕಣ್ಬುಡು, ಗಳ ಹಿಡಿ!"

ಪ್ರಿಯಾ ಅವನ ಕಾಲಿನ ಮೇಲೆ ತನ್ನ ಇಡೀ ಮೈ ಹಾಕಿ ಮಲಗಿದಳು. ಅವ್ವ ಮೊದಲು ಬಂದಳು, ಕಾಂತರಾಜ್ ಆಮೇಲೆ. ಇಬ್ಬರೂ ಬದುವಿನ ಮೇಲೆ ಬಿದ್ದು ನೀರು ಕಾರಿದರು. ಮಲ್ಲೇಶ ಎದೆಯ ಮೇಲಿನ ಪಾಚಿ ಒರೆಸಿಕೊಂಡು ಎದ್ದು ಕೂತ. ಆಮೇಲೆ ಅವನ ಕಣ್ಣು ಕಾಂತರಾಜರ ಬೆಲ್ಟಿನ ಮೇಲೆ ನಿಂತಿತು.

"ಯಾರು ಇವ್ರು?"

"ನಮ್ಮ ಮಾವ," ಎಂದಳು ಪ್ರಿಯಾ. "ಕೆ.ಆರ್. ನಗರದೋರು."

"ಯಾವ ಕಡೆ ಮಾವ?"

"ಅವ್ವನ ಕಡೆ," ಎಂದಳು ಪ್ರಿಯಾ. ಅದೇ ಹೊತ್ತಿಗೆ ಕಾಂತರಾಜ್ ಕೆಮ್ಮುತ್ತಾ, "ಮುದ್ದಯ್ಯನವರ ಕಡೆ," ಎಂದರು.

ಮಲ್ಲೇಶ ಇಬ್ಬರನ್ನೂ ನೋಡಿದ. ಬೈಯಲಿಲ್ಲ. ಬೈದಿದ್ದರೆ ಪ್ರಿಯಾಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ನೀನೇಳು ಮರಮ್ಮ. ಏನಾಯ್ತು?"

ಮರಮ್ಮನ ಕೂದಲಿನಿಂದ ನೀರು ಇಳಿಯುತ್ತಿತ್ತು. ಅವಳು ಮಗಳ ಮುಖ ನೋಡಿದಳು. ಪ್ರಿಯಾ ತಲೆ ಅಲ್ಲಾಡಿಸಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಆದರೂ ಅವ್ವನಿಗೆ ತಿಳಿಯಿತು.

"ಕಾಲು ತೊಳ್ಯಾಕೆ ಇಳುದೆ ಬುದ್ಧಿ. ಜಾರ್ಬುಡ್ತು. ಅಣ್ಣ ಹಿಡ್ಯಾಕೆ ಬಂದ."

"ಕಾಲು ತೊಳ್ಯಾಕೆ." ಮಲ್ಲೇಶ ಎದ್ದು ಜೋಳದೊಳಗಿದ್ದ ಬೈಕಿನ ಹತ್ತಿರ ಹೋದ. ಟ್ಯಾಂಕಿನ ಮೇಲೆ ಶಿಲುಬೆಯ ಸ್ಟಿಕ್ಕರ್ ಕೆರೆದು ತೆಗೆದ ಗುರುತಿತ್ತು. ಅದರ ಮೇಲೆ ಬೆರಳಾಡಿಸಿ ನೋಡಿದ. ಜೇಬಿನಿಂದ ಫೋನು ತೆಗೆದು ನಂಬರ್ ಪ್ಲೇಟಿನ ಫೋಟೋ ಹಿಡಿದ. ತಿರುಗಿ ಮೂವರದ್ದೂ ಒಂದು ಹಿಡಿದ.

"ಯಾಕಣ್ಣ ಫೋಟೋ?" ಎಂದಳು ಪ್ರಿಯಾ.

"ಮಾವನ ನೆನಪಿಗೆ," ಎಂದ ಅವನು. "ಅಪ್ಪ ಬರೋದ್ರೊಳಗೆ ಮನೆಗೋಗಿ. ನಮ್ಮ ಹೊಂಡದಲ್ಲಿ ಹೆಣ ತೇಲಿದ್ರೆ ಸ್ಟೇಷನ್ ಮೆಟ್ಲು ಹತ್ತೋರು ನಾವು."

ಗಳ ಹೆಗಲ ಮೇಲಿಟ್ಟುಕೊಂಡು ಬೆಂಕಿ ನೋಡಲು ಹೋದ. ಅವನು ಏನು ಮಾಡುತ್ತಾನೆ ಎಂದು ಅವನ ಬೆನ್ನಿನಿಂದ ಹೇಳುವ ಹಾಗಿರಲಿಲ್ಲ. ಕಾಂತರಾಜ್ ಬೈಕು ತಳ್ಳಿಕೊಂಡೇ ರಸ್ತೆವರೆಗೆ ಹೋದರು. ಹೋಗುವ ಮುಂಚೆ ಮರಮ್ಮ ಅವರ ತೋಳು ಹಿಡಿದು ಏನೋ ಕೇಳಿದಳು, ಅವರು ಏನೋ ಹೇಳಿದರು.

ಮನೆಗೆ ಬಂದು ಬಟ್ಟೆ ಬದಲಾಯಿಸಿ ಮರಮ್ಮ ಒಲೆಯ ಮುಂದೆ ಕೂತಳು. ಪ್ರಿಯಾ ಕೈಯಲ್ಲಿ ಫೋನು ಹಿಡಿದು ಗೋಡೆಗೊರಗಿದ್ದಳು. ಬರಬಹುದಾದ ವಿಡಿಯೋ, ಬರಬಹುದಾದ ಮೆಸೇಜು ಇನ್ನೂ ಬಂದಿರಲಿಲ್ಲ. ಅವಳು ನೋಡುತ್ತಲೇ ಇದ್ದಳು.

"ಏನು ಕೇಳ್ದೆ ಅವರ್ನ?"

"ಪವಿತ್ರಾತ್ಮನ ಹೆಸರು ಹೇಳೋಕೆ ಮುಂಚೆನೇ ಜಾರುದ್ವಲ್ಲ, ಆಯ್ತಾ ಇಲ್ವಾ ಅಂತ ಕೇಳ್ದೆ. ಆಯ್ತು ಬುಡಮ್ಮ, ದೇವ್ರಿಗೆ ಗೊತ್ತು ಅಂದ್ರು. ಗಡಗಡ ನಡುಗ್ತಿದ್ರು. ಅದು ಎದುರ್ಕಂಡು ಹೇಳಿದ್ದು."

"ಆಯ್ತು ಅಂದ್ರಲ್ಲ. ಬುಡವ್ವ."

"ಆಗ್ನಿಲ್ಲ ಕಣವ್ವ." ಮರಮ್ಮ ಸೌದೆ ಮುಂದಕ್ಕೆ ತಳ್ಳಿದಳು. "ಹೆಸರು ಅರ್ಧ ಹೇಳಿದ್ರೆ ಹೇಳ್ಕಳ್ಲಿ. ನೀರಿಂದ ಎದ್ದು ಬಂದೆ ನೋಡು, ಹೊಸಬಳು ಅಂತ, ಆ ಹೊಸಬಳ ಬಾಯಲ್ಲಿ ಬಂದ ಮೊದಲ್ನೇ ಮಾತೇ ಸುಳ್ಳು. ಕಾಲು ತೊಳ್ಯಾಕೆ ಇಳುದೆ ಅಂದೆ. ಈ ಸುಳ್ಳ ಇಟ್ಕಂಡು ತಟ್ಟೆಗೆ ಕೈ ಒಡ್ಲಾ? ಇನ್ನೊಂದು ಕಿತ ಮುಳುಗ್ತೀನಿ. ಹೊಳೇಲಿ. ಭಾನುವಾರ."

"ಹುಚ್ಚಾ ನಿಂಗೆ? ಎಲ್ಲಾರ ಎದುರ್ಗಾ? ನನ್ನ ಸರ್ಟಿಫಿಕೇಟು, ನನ್ನ ಓದು..."

"ನೀನು ಹಾಸ್ಟೆಲ್ಲಲ್ಲೇ ಇರು. ನಿನ್ನ ಮುಖ ನೋಡುದ್ರೆ ನಂಗೆ ಸುಳ್ಳು ಬಂದ್ಬುಡ್ತದೆ."

"ಹೊಳೇಲಿ ಜಾರುದ್ರೆ ಯಾರು ಎತ್ತಾರು?"

"ಜನ ಇರ್ತಾರಲ್ಲ," ಎಂದಳು ಮರಮ್ಮ.

ಪ್ರಿಯಾ ಹೆದರುತ್ತಿದ್ದದ್ದು ಆ ಜನಕ್ಕೇ. ಅವ್ವ ಒದ್ದೆ ನೈಟಿ, ಶರ್ಟು ಹಿಂಡಿಕೊಂಡು ಹೊರಗೆ ಹೋದಳು. ಬೀದಿಯ ತಂತಿಗೆ ಬಟ್ಟೆ ಒದರಿ ಹಾಕುವ ಸದ್ದು ಕೇಳಿಸಿತು. ಎದುರು ಮನೆಯ ಪುಟ್ಟಮಾದಮ್ಮನ ದನಿಯೂ ಕೇಳಿಸಿತು.

"ಏನ್ ಮರಮ್ಮ, ಕೆಲ್ಸದ ದಿನ ತಲೆಗೆ ನೀರಾಕ್ಕಂಡಿದ್ದೀಯ? ಏನು ವಿಶೇಷ?"

ಪ್ರಿಯಾ ಎದ್ದು ನಿಂತಳು. ಬಾಗಿಲವರೆಗೆ ಹೋಗಿ ಅವ್ವನನ್ನು ಒಳಕ್ಕೆ ಕರೆಯಬಹುದಿತ್ತು. ಅನ್ನ ಸೀದೋಯ್ತು ಅನ್ನಬಹುದಿತ್ತು. ಹೊಸ್ತಿಲಿಗೆ ಬರುವಷ್ಟರಲ್ಲಿ ಅವ್ವ ಅವಳ ಕಡೆಗೆ ಬೆನ್ನು ಮಾಡಿ, ಪುಟ್ಟಮಾದಮ್ಮನ ಜಗಲಿಯ ಮೇಲೆ ಕೂತಾಗಿತ್ತು.

"ನೀರಾಕ್ಕಂಡಿಲ್ಲ ಕಣಕ್ಕ. ಮುಳುಗ್ದೆ," ಎಂದಳು ಮರಮ್ಮ. "ಕುತ್ಕೋ, ಹೇಳ್ತೀನಿ."