ಎಡಗೈ ನಾಡಿ

ಮಾತ್ರೆಯ ಡಬ್ಬಿ ಗೂಡಿನಲ್ಲಿರಲಿಲ್ಲ. ಸುಮಲತ ಗೂಡಿನೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದಳು. ಅಕ್ಕಿ ಡ್ರಮ್ಮಿನ ಹಿಂದೆ ನೋಡಿದಳು, ಟಿವಿ ಮೇಲೆ ನೋಡಿದಳು, ನೋಡಿದ ಕಡೆಯೇ ಇನ್ನೊಂದು ಸಲ ನೋಡಿದಳು. ನೆನ್ನೆಯೂ ಹೀಗೇ ಹುಡುಕಿ, ಮಗುವಿನ ಗಡಿಬಿಡಿಯಲ್ಲಿ ಎಲ್ಲೋ ಇಟ್ಟು ಮರೆತಿದ್ದೇನೆ ಅಂದುಕೊಂಡು ಸುಮ್ಮನಾಗಿದ್ದಳು. ಇವತ್ತು ಸುಮ್ಮನಾಗುವ ಹಾಗಿರಲಿಲ್ಲ. ಎದ್ದಾಗಿನಿಂದ ತಲೆ ಗಿರ್ರೆನ್ನುತ್ತಿತ್ತು, ಕಾಲಿನಲ್ಲಿ ಬಲವೇ ಇರಲಿಲ್ಲ.

ಮೊನ್ನೆ ಐದು ವರ್ಷದ ಮಗಳು ನವ್ಯಳ ಮೈಮೇಲೆ ನೀರುಗುಳ್ಳೆ ಎದ್ದಿದ್ದವು. ಅತ್ತೆ ಅಕ್ಕಯ್ಯಮ್ಮ ನೋಡಿದವಳೇ ಕೈಮುಗಿದು, ಅಮ್ಮೋರು ಬಂದವಳೆ ಅಂದಳು. ಅಷ್ಟೇ. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು, ಒಲೆಯ ಮೇಲೆ ಒಗ್ಗರಣೆ ನಿಂತಿತು. ಅಮ್ಮೋರು ಇರುವ ಮನೆಯಲ್ಲಿ ತಲೆ ಬಾಚಬಾರದು, ಜಗಳ ಆಡಬಾರದು, ಸುಳ್ಳು ಹೇಳಬಾರದು. ಮನೆಯವರು ಊರು ಬಿಟ್ಟು ಹೋಗಬಾರದು. ಔಷಧಿಯ ವಾಸನೆಯಂತೂ ಸುಳಿಯಲೇಬಾರದು. ಗಂಡ ವೆಂಕಿಯ ತಲೆನೋವಿನ ಮುಲಾಮಿನ ಶೀಶೆ ಕೂಡ ಅವತ್ತೇ ಅಂಗಳದಾಚೆ ಬಿದ್ದಿತ್ತು. ಅದು ಬಿದ್ದಿದ್ದನ್ನು ಕಣ್ಣಾರೆ ಕಂಡೂ ಸುಮಲತಳಿಗೆ ತನ್ನ ಡಬ್ಬಿಯ ನೆನಪಾಗಲಿಲ್ಲವಲ್ಲ! ಈಗ ನೆನಪಾಯಿತು.

ಆ ಡಬ್ಬಿ ಏನು ಸಾಮಾನ್ಯದ್ದೇ? ಹೋದ ವರ್ಷ ಬಟ್ಟೆ ಹಿಂಡುವಾಗ ಅವಳ ಎಡಗೈ ಸೋತು ಸೋತು ಬೀಳುತ್ತಿತ್ತು. ಅಕ್ಕಯ್ಯಮ್ಮ ಅದಕ್ಕೆ ಮೈಗಳ್ಳತನ ಎಂದು ಹೆಸರಿಟ್ಟಳು. ಬಂಗಾರಪೇಟೆಯ ಕ್ಲಿನಿಕ್ಕಿನಲ್ಲಿ ಎಡಗೈಗೆ ಬಿಪಿ ಪಟ್ಟಿ ಸುತ್ತಿದ ನರ್ಸು, ಮಿಷನ್ ಕೆಟ್ಟಿದೆ ಎಂದು ಇನ್ನೊಂದು ತಂದಳು; ಅದೂ ಕೆಟ್ಟಿತ್ತು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಹೇಳಿದರು: ಮಿಷನ್ ಸರಿಯಾಗೇ ಇತ್ತು, ಕೈಯಲ್ಲೇ ನಾಡಿ ಇಲ್ಲ. ಎದೆಯಿಂದ ಹೊರಡುವ ದೊಡ್ಡ ರಕ್ತನಾಳಗಳು ಬಾತುಕೊಂಡು ಒಳದಾರಿ ಕಿರಿದಾಗಿದೆ. ರೋಗದ ವಿರುದ್ಧ ಕಾಯಬೇಕಾದ ಮೈಯೊಳಗಿನ ಶಕ್ತಿಯೇ ತಿರುಗಿ ಬಿದ್ದು ರಕ್ತನಾಳಗಳನ್ನು ಕಾಡುತ್ತಿದೆ. ಅಲ್ಲ, ಮನೆ ಕಾಯುವ ನಾಯಿಯೇ ಮನೆಯವರನ್ನು ಕಚ್ಚಿದರೆ ಯಾರಿಗೆ ದೂರು ಕೊಡುವುದು? ಕಾಯಿಲೆಗೆ ಜಪಾನಿನ ಯಾರದೋ ಹೆಸರು; ಮನೆಯಲ್ಲಿ ಒಬ್ಬರ ನಾಲಿಗೆಗೂ ಹೊರಳಲಿಲ್ಲ.

ಆ ಶಕ್ತಿಯನ್ನು ತಗ್ಗಿಸಲು ದಿನಾ ಬೆಳಿಗ್ಗೆ ಸ್ಟೀರಾಯ್ಡ್ ಮಾತ್ರೆ, ವಾರಕ್ಕೊಂದು ಇನ್ನೊಂದು ಮಾತ್ರೆ. ಮುಖ ಪೂರಿಯ ಹಾಗೆ ಉಬ್ಬಿತು. ಗಂಡನ ಮನೆ ಅನ್ನ ಚೆನ್ನಾಗಿ ಮೈಗೆ ಹತ್ತಿದೆ ಎಂದು ಊರ ಹೆಂಗಸರು ನಕ್ಕರು. ನಿದ್ದೆ ಹೋಯಿತು, ಒಂದು ಕಡೆ ಕೂರಲಾಗದ ಚಡಪಡಿಕೆ ಹತ್ತಿತು. ಪಾತ್ರೆ ತೊಳೆದಿದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಆದರೂ ಬಿಡದೆ ನುಂಗಿದಳು, ಮಗಳ ಮುಖ ನೋಡಿಕೊಂಡು ನುಂಗಿದಳು.

ಹಾಗೆ ನುಂಗುತ್ತಿರುವಾಗಲೇ ಒಂದು ಬೆಳಿಗ್ಗೆ ನವ್ಯ ಆಟಕ್ಕೆಂದು ಅಮ್ಮನ ಎಡ ಮಣಿಕಟ್ಟು ಹಿಡಿದವಳು, ಒಳಗೇನೋ ಬಡೀತದೆ ಅಂದಳು. ಹೌದು, ಹೆಬ್ಬೆರಳಿನ ಬುಡದಲ್ಲಿ ಇತ್ತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ನಾಡಿ ಬಂದಿತ್ತು. ಡಾಕ್ಟರೂ ಹಿಡಿದು ನೋಡಿ ನಕ್ಕರು. ಅಂದಿನಿಂದ ಅದು ತಾಯಿ ಮಗಳ ದಿನದ ಆಟವಾಯಿತು. ಎದ್ದ ಕೂಡಲೇ ನವ್ಯ ಬೆರಳಿಟ್ಟು, ಐತೆ ಎಂದು ಹೇಳಿದ ಮೇಲೇ ಸುಮಲತ ಒಲೆ ಹಚ್ಚುತ್ತಿದ್ದಳು. ಅಕ್ಕಯ್ಯಮ್ಮ ಮಾತ್ರ ಆ ಕೈಯನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಸುಮಲತ ಹಿತ್ತಿಲಿಗೆ ಹೋಗಿ ಬೆಂಗಳೂರಿನ ಆಸ್ಪತ್ರೆಯ ನರ್ಸು ಶ್ಯಾಮಲಾಗೆ ಫೋನ್ ಮಾಡಿದಳು. ಶ್ಯಾಮಲಾ ಗಾಬರಿಯಾದಳು. ನಿಮಗೆ ಚಿಕ್ಕಂದಿನಲ್ಲಿ ಈ ಚಿಕನ್ ಪಾಕ್ಸ್ ಆಗಿತ್ತಾ ಎಂದು ಮೊದಲು ಕೇಳಿದಳು. ಸುಮಲತ ಚಿನ್ನದ ಗಣಿಯ ಕಾಲೋನಿ ಕೋರಮಂಡಲ್‌ನ ತವರಿಗೆ ಫೋನ್ ಹಚ್ಚಿದರೆ, ತಾಯಿ ಕದಿರಮ್ಮ, ನಮ್ಮ ಲೈನ್ ಮನೆ ಮಕ್ಕಳಿಗೆಲ್ಲ ಬಂತು, ನಿನಗೊಬ್ಬಳಿಗೆ ಬರಲಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಅದನ್ನು ಕೇಳಿ ಶ್ಯಾಮಲಾ ಖಡಾಖಂಡಿತವಾಗಿ ಹೇಳಿದಳು: ಇವತ್ತೇ ಹೊರಟು ಬನ್ನಿ, ಇಂಜೆಕ್ಷನ್ ಕೊಡಬೇಕು. ನಿಮ್ಮ ಮೈಯ ಶಕ್ತಿಯನ್ನು ನಾವೇ ಕುಗ್ಗಿಸಿದ್ದೇವೆ, ಮಗುವಿಗೆ ಒಂದು ವಾರದಲ್ಲಿ ಇಳಿಯುವುದು ನಿಮ್ಮ ಶ್ವಾಸಕೋಶಕ್ಕೆ ಇಳಿದೀತು. ವಾರದ ಮಾತ್ರೆ ಡಾಕ್ಟರು ಹೇಳುವವರೆಗೆ ಬೇಡ. ದಿನದ ಮಾತ್ರೆ ಮಾತ್ರ ಬಿಡಲೇಬೇಡಿ, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ನಿಂತಲ್ಲೇ ಬೀಳುತ್ತೀರಿ.

ಅಮ್ಮೋರು ಬರುವ ಮೊದಲೇ ಟೊಮೆಟೊ ಲೋಡು ಹೊತ್ತು ಲಾರಿಯಲ್ಲಿ ಚೆನ್ನೈಗೆ ಹೋಗಿದ್ದ ಗಂಡ ವೆಂಕಿಗೂ ಹೇಳಿದಳು. ಅವನು ಅಮ್ಮನ ಮಾತು ಮೀರಬೇಡ ಅಂದ, ಡಾಕ್ಟರ ಮಾತೂ ಮೀರಬೇಡ ಅಂದ, ಸಿಗ್ನಲ್ ಇಲ್ಲ ಅಂದ. ಗಂಡಸರಿಗೆ ಸಿಗ್ನಲ್ ಹೋಗುವ ಹೊತ್ತು ಬಲು ಚೆನ್ನಾಗಿ ಗೊತ್ತಿರುತ್ತದೆ.

ಒಳಗೆ ಬಂದರೆ ಅತ್ತೆ ಮಗುವಿನ ಪಕ್ಕ ಕೂತು ಬೇವಿನ ಎಸಳಿನಿಂದ ಮೈ ಸವರುತ್ತಿದ್ದಳು. ಸುಮಲತ ಡಬ್ಬಿ ಎಲ್ಲಿ ಎಂದು ಕೇಳಿದಳು.

"ಈಚೆಗಾಕಿದೀನಿ," ಅಂದಳು ಅಕ್ಕಯ್ಯಮ್ಮ, ತಲೆಯೆತ್ತದೆ. "ಅಮ್ಮೋರು ಇಳ್ಯೋಗಂಟ ಬ್ಯಾಡ."

ಎಲ್ಲಿ ಎಂದು ಮತ್ತೆ ಕೇಳಿದರೆ ಎಸಳನ್ನು ಮಗುವಿನ ಬೆನ್ನಿಗೆ ಸವರತೊಡಗಿದಳು. ಬಾವಿಗೆ ಎಸೆದಿರಬೇಕು ಎಂದುಕೊಂಡಾಗ ಸುಮಲತಳಿಗೆ ಸಿಟ್ಟು ನೆತ್ತಿಗೇರಿತು. ಚೀಲಕ್ಕೆ ಒಂದು ಸೀರೆ ತುರುಕಿದಳು. ಡಬ್ಬಿ ಹಾಳಾಗಲಿ, ಬಂಗಾರಪೇಟೆಯಲ್ಲಿ ಮೆಡಿಕಲ್ ಶಾಪಿದೆ. ಬಸ್ಸು ಹಿಡಿದು ಅಲ್ಲಿಗೆ ಹೋಗಿ ರೈಲು ಹತ್ತಿದರಾಯಿತು. ಆದರೆ ಮಗು? ಮೈಯೆಲ್ಲಾ ಉರಿ ಉರಿ ಅನ್ನುತ್ತಾ ಕೈ ಚಾಚಿದ ಮಗುವನ್ನು ಮುಟ್ಟದೆ ಹೇಗೆ ಹೋಗುವುದು? ಬಾಗಿಲವರೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು.

ಅಕ್ಕಯ್ಯಮ್ಮ ಎದ್ದು ಹೊಸ್ತಿಲಿಗೆ ಅಡ್ಡ ನಿಂತಳು. ಅಮ್ಮೋರನ್ನು ಮನೆಯಲ್ಲಿ ಕೂರಿಸಿ ಹೆತ್ತವಳೇ ಎದ್ದು ಹೋದರೆ ತಾಯಿ ಮುನಿಯುತ್ತಾಳೆ, ಮಗುವಿನ ಕಣ್ಣು ಕೇಳುತ್ತಾಳೆ ಎಂದಳು. ಅವಳ ದನಿ ನಡುಗುತ್ತಿತ್ತು. ಅದು ಜೋರಲ್ಲ, ಭಯ. ಸುಮಲತಳಿಗೂ ಭಯವೇ, ಅವಳೂ ಅದೇ ಅಮ್ಮೋರಿಗೆ ಕೈಮುಗಿದು ಬೆಳೆದವಳು. ಏನೋ ಹೇಳಲು ಬಾಯಿ ತೆರೆದಳು, ಕಣ್ಣು ಕತ್ತಲಿಟ್ಟಿತು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತಳು.

"ಅತ್ತೆ," ಅಂದಳು ಕೂತಲ್ಲಿಂದಲೇ, ಮೆಲ್ಲಗೆ. "ಅಮ್ಮೋರು ಮಗೀನ ಮೈಯಿಂದ ಇಳ್ದೋಗ್ತಾಳೆ. ನಾನ್ ಬಿದ್ರೆ ಏಳಲ್ಲ. ಆಮೇಲೆ ಇದ್ನ ಸಾಕೋರು ಯಾರು?"

ಅಕ್ಕಯ್ಯಮ್ಮ ಸೊಸೆಯ ಮುಖ ನೋಡಿದಳು. ಹಣೆಯಲ್ಲಿ ಬೆವರು, ತುಟಿ ಬಿಳಿಚಿಕೊಂಡಿತ್ತು. ಮೈಗಳ್ಳತನ ಎಂದು ತಾನೇ ಹೆಸರಿಟ್ಟಿದ್ದು ಅವಳಿಗೆ ನೆನಪಾಯಿತೋ ಏನೋ, ಬೆನ್ನು ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಸ್ದಿಲ್ಲ ಕಣಮ್ಮಿ. ರಸ್ತೆ ಬೇವಿನ ಮರಕ್ಕೆ ಕಟ್ಟಿವ್ನಿ. ಅಮ್ಮೋರ್ ಮರ, ಅವ್ಳೇ ಕಾಯ್ಲಿ ಅಂತ." ಮತ್ತೆ ಸೇರಿಸಿದಳು: "ಮನೆ ಒಳಗ್ ತಾನೆ ಬ್ಯಾಡ ಅಂದಿದ್ದು. ಮರದ ಕೆಳಗ್ ನುಂಗು. ಅವ್ಳೇ ಕೊಟ್ಟಂಗಾಯ್ತದೆ."

ಮನೆಯೆದುರಿನ ಆ ಮರದ ಕೊಂಬೆಗೆ ಅರಿಶಿನದ ಬಟ್ಟೆಯ ಗಂಟೊಂದು ನೇತಾಡುತ್ತಿತ್ತು. ಎಲ್ಲ ಹರಕೆ ಗಂಟಿನಂತೆಯೇ ಇದ್ದ ಅದರ ಕೆಳಗೆ ಸುಮಲತ ನೆನ್ನೆ ನಾಲ್ಕಾರು ಸಲ ಓಡಾಡಿದ್ದಳು. ಅತ್ತೆ ಬಿಚ್ಚಿಕೊಟ್ಟಳು. ಸುಮಲತ ಕೈಗೆ ಮೆತ್ತಿದ ಅರಿಶಿನದ ಜೊತೆಗೇ ಮಾತ್ರೆ ನುಂಗಿ ನೀರು ಕುಡಿದಳು. ಬಿಸಿಲಲ್ಲಿ ಒಣಗಿದ ಮಾತ್ರೆ ಎಷ್ಟು ಕೆಲಸ ಮಾಡೀತೋ, ಪೇಟೆಯಲ್ಲಿ ಹೊಸದು ಕೊಳ್ಳಬೇಕು ಅಂದುಕೊಂಡಳು. ಅಷ್ಟರಲ್ಲಿ ಕಾಮಸಮುದ್ರದ ಕಡೆಯಿಂದ ಬಸ್ಸಿನ ಹಾರನ್ ಕೇಳಿತು.

ನವ್ಯ ಎದ್ದು ಬಂದು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅಳಲಿಲ್ಲ. ಬೆಳಗಿನ ಆಟ ಬಾಕಿ ಇತ್ತು.

"ಅಮ್ಮಾ, ಐತಾ?"

ಸುಮಲತ ಎಡ ಮಣಿಕಟ್ಟು ಒತ್ತಿ ಹುಡುಕಿದಳು. ಜಾಗ ಬದಲಿಸಿದಳು, ಇನ್ನಷ್ಟು ಒತ್ತಿದಳು. ಏನೂ ಸಿಗಲಿಲ್ಲ. ಬಸ್ಸು ಹತ್ತಿರವಾಯಿತು. ಐತೆ ಅನ್ನಲು ಬಾಯಿ ಬರಲಿಲ್ಲ, ಮನೆಯಲ್ಲಿ ಅಮ್ಮೋರಿದ್ದಳು.

ಆಗ ಅಕ್ಕಯ್ಯಮ್ಮ ಫಕ್ಕನೆ ಆ ಕೈಯನ್ನು ಕಿತ್ತುಕೊಂಡವಳಂತೆ ತನ್ನೆರಡು ಕೈಯಲ್ಲೂ ಹಿಡಿದಳು. ಹೆಬ್ಬೆರಳಿನ ಕಡೆಯಲ್ಲ, ಕಿರುಬೆರಳಿನ ಕಡೆ, ನಾಡಿ ಇರಲಾರದ ಮೂಳೆಯ ಮೇಲೆ ಬೆರಳೊತ್ತಿ ಕಣ್ಣು ಮುಚ್ಚಿದಳು. ಅಮ್ಮೋರ ಮರದ ಕೆಳಗೆ ನಿಂತು ಅವಳು ಯಾವತ್ತೂ ಸುಳ್ಳಾಡಿದವಳಲ್ಲ.

"ಐತೆ ಕಣೆ ನವ್ಯಾ," ಎಂದು ಊರಿಗೇ ಕೇಳುವ ಹಾಗೆ ಕೂಗಿದಳು. "ಜೋರಾಗ್ ಬಡೀತಾ ಐತೆ."

ಬಸ್ಸು ಬಂದು ನಿಂತರೂ ಅವಳು ಸೊಸೆಯ ಕೈ ಬಿಡಲಿಲ್ಲ.