ಕೆರೆಗೆ ಹೋಗಬೇಕಿದ್ದ ಡಾಂಬರು

"ಲೇ ಅಪ್ಪಾಸಾಹೇಬ! ತೆಗಿಯೋ ಆ ಕಾಲನ್ನ! ರೋಡು ಕಣೋ ಬೋಳಿಮಗನೇ ಅದು, ನಿಮ್ಮಪ್ಪನ ಗದ್ದೆ ಅಲ್ಲ!"

ನಾನು ಕಾಲು ತೆಗೆದೆ. ಒಂದು ಕಾಲು ತೆಗೆದರೆ ಇನ್ನೊಂದನ್ನು ಎಲ್ಲಾದರೂ ಇಡಲೇಬೇಕಲ್ಲ, ಅದನ್ನೂ ರೋಡಿನ ಮೇಲೆಯೇ ಇಟ್ಟೆ. ಕರ್ರಗೆ ಹೊಳೆಯುತ್ತಿದ್ದ ಡಾಂಬರಿನ ಮೇಲೆ ಕೆಂಪು ಕೆಸರಿನ ಎರಡನೇ ಹೆಜ್ಜೆ ಮೂಡಿತು. ಸೂಪರ್‌ವೈಸರ್ ವಿಜಯ್ ಕುಮಾರ್ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಬೀಸಿ ಎಸೆದ. ಅದು ನನ್ನ ಭುಜಕ್ಕೆ ಬಡಿದು, ಕೆಳಗೆ ಬಿದ್ದು, ಉರುಳಿಕೊಂಡು ಹೋಯಿತು. ಎಷ್ಟು ನಯವಾಗಿ ಉರುಳಿತೆಂದರೆ ಪೆಟ್ಟು ತಿಂದ ನನಗೂ ನೋಡಿ ಖುಷಿಯಾಯಿತು. ಆ ರೋಡು ನಾವೇ ಹಾಕಿದ್ದು.

ನನ್ನ ಹೆಸರಿನಲ್ಲಿ ಅಪ್ಪನೂ ಇದ್ದಾನೆ, ಸಾಹೇಬನೂ ಇದ್ದಾನೆ. ಕೆಲಸ ಮಾತ್ರ ಬಿಸಿ ಡಾಂಬರನ್ನು ಹಲ್ಲಿನ ಗೋರೆಯಿಂದ ಎಳೆದು ಸಮ ಮಾಡುವುದು. ವಿಜಯಪುರದ ಕಡೆಯಿಂದ ಬಂದು, ಚಿಕ್ಕಜಾಲದ ಆಚೆ ಬಂಡೆಯ ಕ್ವಾರಿಯಲ್ಲಿ ಕಲ್ಲು ಒಡೆದು, ಕ್ವಾರಿ ಮುಚ್ಚಿದ ಮೇಲೆ ರೋಡಿನ ಗ್ಯಾಂಗು ಸೇರಿದವನು ನಾನು. ಹೆಬ್ಬಾಳದಿಂದ ಯಲಹಂಕದವರೆಗೆ ನನ್ನ ಗೋರೆ ತಾಗದ ರಸ್ತೆ ಕಡಿಮೆ. ಬಸ್ಸಿನಲ್ಲಿ ಹೋಗುವಾಗ ಹೆಂಡತಿ ಕಾಶವ್ವನಿಗೆ ಕಿಟಕಿಯಿಂದ ತೋರಿಸುತ್ತಿದ್ದೆ, ಇದು ನಂದು, ಇದೂ ನಂದು ಎಂದು. ಒಮ್ಮೆ ಅವಳು, "ನಿಮ್ಮ ರೋಡಿನ ಮ್ಯಾಲ ನಿಮಗ ಕುಂದ್ರಾಕ ಸೀಟಿಲ್ಲ, ಸುಮ್ಕ ನಿಂದರ್ರಿ" ಎಂದ ಮೇಲೆ ತೋರಿಸುವುದನ್ನು ಬಿಟ್ಟೆ.

ಇಂಥ ನನ್ನ ಮನೆಗೆ ರೋಡಿರಲಿಲ್ಲ.

ನಾವಿರುವುದು ಆ ಮುಚ್ಚಿದ ಬಂಡೆಯ ಪಕ್ಕ, ಶೀಟಿನ ಮನೆಗಳಲ್ಲಿ. ಬಂಡೆ ಕಾಲೋನಿ ಎನ್ನುತ್ತಾರೆ. ಮೇನ್ ರೋಡಿನಿಂದ ಒಳಗೆ ಬರುವ ಹಾದಿ ಮೊದಲು ಗಟ್ಟಿ ಕಲ್ಲು, ಕೊನೆಗೂ ಗಟ್ಟಿ ಕಲ್ಲು, ನಡುವೆ ಒಂದು ದೊಡ್ಡ ತಗ್ಗು. ಪಕ್ಕದಲ್ಲಿ ಹೊಸ ಲೇಔಟಿನ ಎತ್ತರದ ಗೋಡೆ. ಅವರ ಮಳೆನೀರೆಲ್ಲ ಗೋಡೆಯ ತೂತಿನಿಂದ ನಮ್ಮ ತಗ್ಗಿಗೇ ಬೀಳುತ್ತದೆ. ಎರಡು ಸಲ ನಾವು ಕಲ್ಲು ತುಂಬಿದೆವು. ಎರಡು ಸಲವೂ ಲೇಔಟಿನ ಜೆಸಿಬಿ ಬಂದು, ನೀರು ಹೋಗಲು ಜಾಗ ಬೇಕು ಎಂದು ಬಗೆದು ಹಾಕಿತು. ಗ್ಯಾಸ್ ಸಿಲಿಂಡರನ್ನು ಮೇನ್ ರೋಡಿನಲ್ಲಿ ಇಳಿಸಿ ಹೋಗುತ್ತಾರೆ, ನಾವು ತಲೆಯ ಮೇಲೆ ಹೊತ್ತು ತರುತ್ತೇವೆ. ಆಟೋದವರಿಗೆ ಬಂಡೆ ಕಾಲೋನಿ ಎಂದರೆ ಸಾಕು, ಕಿವಿ ಕೇಳಿಸುವುದು ನಿಂತುಹೋಗುತ್ತದೆ. ವೋಟು ಕೇಳಲು ಬಂದವರೊಬ್ಬರನ್ನು ಒಮ್ಮೆ ನಾನೇ ಬೆನ್ನ ಮೇಲೆ ಹೊತ್ತು ತಗ್ಗು ದಾಟಿಸಿದ್ದೆ, ಅವರ ಶೂ ಕೆಡಬಾರದೆಂದು. ದಾಟಿದ ಮೇಲೆ ಅವರು, "ದಾರಿ ಅಷ್ಟೇನೂ ಕೆಟ್ಟದಾಗಿಲ್ವಲ್ಲ" ಎಂದರು. ಅವರಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಅವತ್ತು ನನ್ನ ಕಾಲಿಗೆ ಕೆಸರು ಮೆತ್ತಿದ್ದು ನಸೀಮಾಬಿಯಿಂದ. ಅವಳು ನಮ್ಮ ಪಕ್ಕದ ಮನೆಯವಳು. ಗಂಡನಿಲ್ಲ, ಮಕ್ಕಳಿಲ್ಲ, ಸೀರೆಗೆ ಫಾಲ್ ಹೊಲಿಯುತ್ತಿದ್ದವಳು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಯಲಹಂಕಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಒಂದು ಪ್ಲಾಸ್ಟಿಕ್ ಕುರ್ಚಿಗೆ ಎರಡು ಸರ್ವೆ ಮರದ ಗಳ ಕಟ್ಟಿದ್ದೇವೆ. ಮುಂದೆ ನಾನು, ಹಿಂದೆ ಕಾಶವ್ವ, ನಡುವೆ ಬುರ್ಖಾ ಹಾಕಿಕೊಂಡ ನಸೀಮಾಬಿ. ಮೇನ್ ರೋಡಿನವರೆಗೆ ಹೊತ್ತು, ಅಲ್ಲಿಂದ ಆಟೋ.

ಅವತ್ತು ಬೆಳಿಗ್ಗೆ ತಗ್ಗಿನ ನಡುವೆ ನನ್ನ ಕಾಲು ಜಾರಿತು. ಹೆಬ್ಬಾಳದಿಂದ ಯಲಹಂಕದವರೆಗೆ ನೆಲ ಸಮ ಮಾಡಿದವನು ಬಾತುಕೋಳಿಯ ಹಾಗೆ ಕೆಸರಿಗೆ ಬಿದ್ದೆ. ಕುರ್ಚಿಯೂ ಬಿತ್ತು.

"ಯಾ ಅಲ್ಲಾ! ನಾನೇನು ಆಲೂಗಡ್ಡೆ ಮೂಟೆನಾ ಅಪ್ಪಾಸಾಬ್?" ನಸೀಮಾಬಿ ಕೆಸರಿನಲ್ಲಿ ಕೂತು ಕೂಗಿದಳು. "ಕಣ್ಣು ಕಾಲಲ್ಲಿ ಇಟ್ಕೊಂಡು ನಡಿ ಅಂದ್ರೆ ಆಕಾಶದಲ್ಲಿ ಇಟ್ಕೊಂಡು ನಡೀತೀಯಲ್ಲೋ!"

"ಮ್ಯಾಲ ಇಮಾನ ಹೊಂಟಿತ್ತು, ಅದನ್ನ ನೋಡಾಕತ್ತಿದ್ರು," ಎಂದಳು ಕಾಶವ್ವ. ನನ್ನ ಗುಟ್ಟುಗಳು ಅವಳ ಹತ್ತಿರ ಉಳಿಯುವುದಿಲ್ಲ.

ತೊಳೆದು, ಬಟ್ಟೆ ಬದಲಿಸಿ, ಹೊತ್ತು, ಆಟೋ ಹಿಡಿದು ಮುಟ್ಟುವಷ್ಟರಲ್ಲಿ ಅವಳ ಸರದಿ ಹೋಗಿ ಮಷೀನಿಗೆ ಬೇರೆಯವರನ್ನು ಹಾಕಿದ್ದರು. ನಾಳೆ ಬೆಳಿಗ್ಗೆ ತಪ್ಪದೆ ಕರೆತನ್ನಿ, ಇನ್ನೂ ತಡವಾದರೆ ಕಷ್ಟ ಎಂದರು. ವಾಪಸು ಬರುವಾಗ ಅವಳ ಮುಖ ಊದಿಕೊಂಡಿತ್ತು, ಬೈಯುವುದನ್ನೂ ನಿಲ್ಲಿಸಿದ್ದಳು. ಅದು ನನಗೆ ಹೆದರಿಕೆ ತಂದಿತು.

ಅವಳನ್ನು ಮತ್ತೆ ತಗ್ಗು ದಾಟಿಸಿ ಮನೆಗೆ ಬಿಟ್ಟು, ಕೆಸರುಗಾಲಿನಲ್ಲೇ ನೇರ ಕೆಲಸಕ್ಕೆ ಓಡಿದ್ದೆ. ಗೋಡೆಯಾಚೆಯ ಅದೇ ಲೇಔಟಿನ ಒಳಗಿನ ರೋಡು, ವಿಜಯ್ ಕುಮಾರ್ ಬಾಟಲಿ ಎಸೆದದ್ದು ಅಲ್ಲೇ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು, ಡಾಂಬರು ಹಾಸುವ ಪೇವರ್ ಮಷೀನು ಕೆಮ್ಮಿ ನಿಂತಿತು. ಅದು ರಿಪೇರಿಯಾಗುವಷ್ಟರಲ್ಲಿ ಹಿಂದೆ ನಿಂತಿದ್ದ ಕೊನೆಯ ಟಿಪ್ಪರಿನ ಮಾಲು ಆರತೊಡಗಿತ್ತು. ವಿಜಯ್ ಕುಮಾರ್ ಟಾರ್ಪಾಲಿನ ಕೆಳಗೆ ಕೈಯಿಟ್ಟು ನೋಡಿ ತಲೆಯಾಡಿಸಿದ.

"ಇದು ನಡೆಯಲ್ಲ. ವಿಲ್ಲಾದವ್ರು ಫೋಟೋ ತೆಗ್ದು ವಾಟ್ಸಾಪಲ್ಲಿ ಹಾಕ್ತಾರೆ. ಕೆರೆಗೆ ಸುರಿದು ಬಾ ಹೋಗು," ಎಂದು ಟಿಪ್ಪರ್ ಡ್ರೈವರಿಗೆ ಹೇಳಿದ.

ನಾನು ಹತ್ತಿರ ಹೋಗಿ ಕೈಕಟ್ಟಿ ನಿಂತೆ. "ಸಾರ್, ಹೆಂಗೂ ಚೆಲ್ಲೂ ಮಾಲು. ನಮ್ಮ ತಗ್ಗಿಗಿ ಚೆಲ್ಲಿದ್ರ..."

"ನಿಮ್ ತಗ್ಗಿಗಾ?" ಅವನು ನಿಜವಾಗಿಯೂ ನಕ್ಕ. "ಲೇ, ರೋಡ್ ಆದ್ಮೇಲೆ ನೀವು ಅಲ್ಲಿಂದ ಏಳ್ತೀರೇನೋ? ಓನರ್‌ದು ಮುಂದಿನ ಲೇಔಟ್ ಅಲ್ಲೇ ಬರೋದು. ಇನ್ನೊಂದೆರಡು ಮಳೆಗಾಲ ಕೆಸರು ತುಳಿದ್ರೆ ನೀವೇ ಗಂಟುಮೂಟೆ ಕಟ್ತೀರ. ಕೆರೆಗಾದ್ರೂ ಹಾಕ್ತೀನಿ, ನಿಮಗೆ ಹಾಕಲ್ಲ. ಹೋಗು, ಅವನಿಗೆ ಕೆರೆ ದಾರಿ ತೋರ್ಸು."

"ಸರಿ ಸಾರ್," ಎಂದೆ. ಈ ಮಾತು ನನ್ನ ಬಾಯಿಂದ ಆಕಳಿಕೆಯಂತೆ ತಾನಾಗಿ ಬರುತ್ತದೆ.

ಡ್ರೈವರ್ ರಿಯಾಜ್ ಯಶವಂತಪುರದವನು, ಈ ಕಡೆಗೆ ಹೊಸಬ. ಗೇಟು ದಾಟಿದ ಮೇಲೆ ಕೇಳಿದ, "ಯಾವ ಕಡೆ ಅಣ್ಣಾ ಕೆರೆ?"

ಬಲಕ್ಕೆ ಎನ್ನಲು ಬಾಯಿ ತೆರೆದೆ. ಕೈ ಎಡಕ್ಕೆ ಹೋಯಿತು. ಇದನ್ನು ಆಮೇಲೆ ಕಾಲೋನಿಯವರು ಧೈರ್ಯ ಎಂದರು. ದಿನಾ ಸಂಜೆ ಮನೆ ಕಡೆ ತಿರುಗಿ ತಿರುಗಿ ಕೈಗೆ ಅಭ್ಯಾಸವಾಗಿತ್ತು, ಅಷ್ಟೇ ಇರಬೇಕು.

ತಗ್ಗಿನ ಅಂಚಿನಲ್ಲಿ ರಿಯಾಜ್ ಬ್ರೇಕ್ ಹಾಕಿದ. "ಇಲ್ಲೆಲ್ಲಿದೆ ಗುರು ಕೆರೆ?"

"ಮಳಿ ಬಂದ್ರ ಇದ ಕೆರಿ."

ಅವನು ನನ್ನ ಮುಖ ನೋಡಿದ. ಆಮೇಲೆ ತಗ್ಗಿನಾಚೆಯ ಮೊದಲ ಮನೆ ನೋಡಿದ. ನಸೀಮಾಬಿ ಬಾಗಿಲಲ್ಲಿ ಆ ಕುರ್ಚಿಯ ಮೇಲೆಯೇ ಒರಗಿದ್ದಳು, ಗಳಗಳನ್ನು ಇನ್ನೂ ಬಿಚ್ಚಿರಲಿಲ್ಲ.

"ಅದೇನು, ಕುರ್ಚಿಗೆ ಕೋಲು ಕಟ್ಟಿದ್ದೀರ?"

"ನಮ್ಮ ಆಂಬುಲೆನ್ಸು."

ರಿಯಾಜ್ ಸ್ಟೇರಿಂಗಿನ ಮೇಲೆ ಬೆರಳು ಬಡಿದ. "ಅವ್ರು ಕೆರೆಗೆ ಸುರಿ ಅಂದ್ರು. ನೀನು ಇದು ಕೆರೆ ಅಂತೀಯ. ನನಗೇನ್ ಗೊತ್ತು ಗುರು, ನಾನು ಯಶವಂತಪುರದವನು," ಎಂದು ರಿವರ್ಸ್ ಹಾಕಿದ.

"ತಡೀ, ತಡೀ!" ಕಾಶವ್ವ ಎಲ್ಲಿದ್ದಳೋ ಓಡಿ ಬಂದಳು. "ಕೆಸರಿನ ಮ್ಯಾಲ ಡಾಂಬರ ಸುರಿತೀರೇನು? ಮೊದಲ ಕಲ್ಲು!"

ಕಾಲೋನಿಯಲ್ಲಿದ್ದವರೆಲ್ಲ ಬಂದರು. ಕಲ್ಲಿಗೇನು ಬರ, ಇಲ್ಲಿಗೆ ಬಂದಾಗಿನಿಂದ ಅದರ ಮೇಲೆಯೇ ಇದ್ದೇವೆ. ಬಾಂಡ್ಲಿ, ಬಕೆಟ್ಟು, ಸೀರೆಯ ಸೆರಗು, ಸಿಕ್ಕಿದ್ದರಲ್ಲಿ ತಂದು ತಗ್ಗಿಗೆ ಸುರಿದರು. ಅದರ ಮೇಲೆ ಟಿಪ್ಪರು ಬೆನ್ನೆತ್ತಿತು. ಹೊಗೆಯಾಡುತ್ತ ಕರಿ ಮಾಲು ಜಾರಿತು, ಆ ವಾಸನೆಗೆ ಎಲ್ಲರೂ ಮದುವೆ ಮನೆಯ ಅಡುಗೆ ಬಂತೇನೋ ಎಂಬ ಹಾಗೆ ಮುಂದೆ ನುಗ್ಗಿದರು.

ಬೆಂಗಳೂರಿಗೆಲ್ಲ ರೋಡು ಹಾಕಿದವರು ನಾವು. ನಮ್ಮದನ್ನು ಹಾಕುವಾಗ ನಮ್ಮ ಬುದ್ಧಿಯೆಲ್ಲ ಎಲ್ಲಿಗೆ ಹೋಯಿತೋ. ಎಲ್ಲರೂ ಮೇಸ್ತ್ರಿಗಳೇ, ಕೇಳುವವರು ಯಾರೂ ಇಲ್ಲ. ನಾನು ಲೆವೆಲ್ ನೋಡಲು ದಾರ ಕಟ್ಟುತ್ತ ಕೂತೆ.

"ಸಾಕ್ರೀ ನಿಮ್ಮ ದಾರ! ಮಾಲು ಆರಿ ಕಲ್ಲಾಗಾಕತೈತಿ, ಎಳೀರಿ!" ಕಾಶವ್ವ ಗೋರೆಯನ್ನು ನನ್ನ ಕೈಗೆ ತುರುಕಿದಳು.

ರೋಲರ್ ಇರಲಿಲ್ಲ. ಯಾರೋ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮನ್ನು ಉರುಳಿಸಿದರು, ಅದು ಕರಗಿ ಡಾಂಬರಿಗೆ ಅಂಟಿತು. ರಿಯಾಜ್ ಖಾಲಿ ಟಿಪ್ಪರನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸಿದ. ಅವನ ಫೋನು ಬಡಿದುಕೊಳ್ಳತೊಡಗಿದಾಗ, "ಬರ್ತೀನಿ ಅಣ್ಣಾ, ಸಾಲ್ತಾ?" ಎಂದು ಹೊರಟುಹೋದ. ಉಳಿದದ್ದನ್ನು ನಾವು ತುಳಿದೆವು. ಚಪ್ಪಲಿಗೆ ಒದ್ದೆ ಗೋಣಿ ಸುತ್ತಿಕೊಂಡು ಗಂಡಸರು, ಹೆಂಗಸರು ಸಾಲಾಗಿ ನಿಂತು ಧಪಧಪ ತುಳಿದೆವು. ಅಂಗಾಲು ಸುಟ್ಟಾಗ ಒಬ್ಬೊಬ್ಬರು ಹಾರುವುದನ್ನು ನೋಡಿ ನಸೀಮಾಬಿ ಕುರ್ಚಿಯಲ್ಲಿ ಕೂತು ಉಸಿರು ಕಟ್ಟುವಂತೆ ನಕ್ಕಳು.

ಆದ ರೋಡು ಹೇಗಿತ್ತು ಎಂದರೆ, ನಾನು ಈವರೆಗೆ ಕೈ ಹಚ್ಚಿದ್ದರಲ್ಲಿ ಅಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಟೈರಿನ ಗುರುತು, ಅಂಚು ಇಲಿ ಕಡಿದ ರೊಟ್ಟಿಯಂತೆ. ಎಲ್ಲಿಂದಲೂ ಹೊರಡದೆ ಎಲ್ಲಿಗೂ ಮುಟ್ಟದೆ, ತಗ್ಗನ್ನು ಮಾತ್ರ ದಾಟಿ ಎರಡೂ ಕಡೆ ಕಲ್ಲಿಗೆ ತಾಗಿ ನಿಂತುಬಿಟ್ಟಿತ್ತು.

ಸಂಜೆ ಮೋಡ ಚೆದುರಿ ಬಿಸಿಲು ಬಿತ್ತು. ಜನ ಕೆಲಸವಿಲ್ಲದೆ ಆ ಕಡೆಗೆ ಹೋದರು, ಈ ಕಡೆಗೆ ಬಂದರು. ಕೆಳಗೆ ನೋಡದೆ ನಡೆಯುವುದು ನಮಗೆ ಅಭ್ಯಾಸವೇ ಇರಲಿಲ್ಲ. ಸೀರೆ ಎತ್ತಿ ಹಿಡಿದು ನಡೆಯುತ್ತಿದ್ದ ಹೆಂಗಸರು ನಡುದಾರಿಯಲ್ಲಿ ನೆನಪಾಗಿ ನೆರಿಗೆ ಕೆಳಗೆ ಬಿಟ್ಟರು. ನಸೀಮಾಬಿ ಎದ್ದು ನಿಂತಳು. ಕಾಶವ್ವ ಕೈ ಕೊಡಲು ಹೋದರೆ, "ಬಿಡು," ಎಂದಳು. ಒಂದೊಂದೇ ಹೆಜ್ಜೆಯಿಟ್ಟು, ನಿಂತು ಉಸಿರು ತೆಗೆದುಕೊಂಡು, ಆ ತುದಿಯವರೆಗೆ ಹೋಗಿ ಅಲ್ಲಿ ಕಲ್ಲಿನ ಮೇಲೆ ಕೂತಳು.

"ಇನ್ನೂ ಬಿಸಿ ಇದೆ ಕಣೋ," ಎಂದು ಬಗ್ಗಿ ಡಾಂಬರನ್ನು ಅಂಗೈಯಿಂದ ಮುಟ್ಟಿದಳು.

ಮರುದಿನ ಬೆಳಿಗ್ಗೆ ಅವಳ ಆಸ್ಪತ್ರೆಯ ಚೀಲ ಕಟ್ಟಿ, ನಾನು ಆಟೋ ಕರೆಯಲು ಹೊರಡಬೇಕು, ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಕಾಲೋನಿಯ ಬಾಗಿಲವರೆಗೆ ಬಂದ ಮೊದಲ ಗಾಡಿ. ತಗ್ಗಿದ್ದ ಜಾಗದಲ್ಲಿ ಅದು ಕುಲುಕಲೂ ಇಲ್ಲ, ನಾನು ನೋಡಿದೆ. ಹಿಂದೆಯೇ ಬಂದ ಜೆಸಿಬಿ ಆ ತುದಿಯಲ್ಲಿ ನಿಂತಿತು.

ಎಎಸ್ಐ ಇಳಿದು ತಾನು ನಿಂತಿದ್ದ ನೆಲ ನೋಡಿದರು. "ಇದೇನಾ ಕಳುವಾದ ಮಾಲು?"

"ಇದೇ ಸಾರ್," ಎಂದ ಅವರ ಹಿಂದೆಯೇ ಇಳಿದ ವಿಜಯ್ ಕುಮಾರ್. "ಡ್ರೈವರ್‌ನ ಆಗ್ಲೇ ಕೆಲಸದಿಂದ ಕಿತ್ತಾಕಿದ್ದೀನಿ. ದಾರಿ ತೋರ್ಸೋನು ಗೇಟಲ್ಲೇ ಇಳಿದ, ನಾನೇ ದಾರಿ ತಪ್ಪಿದೆ ಅಂತಾನೆ. ಇದನ್ನ ಎಬ್ಬಿಸ್ಕೊಂಡು ಹೋಗೋಕೆ ಜೆಸಿಬಿ ತಂದಿದ್ದೀನಿ."

"ಯಾರ್ರೋ ಹಾಕಿದ್ದು?"

ನಾನು ಕಾಶವ್ವನ ಹಿಂದೆ ನಿಂತಿದ್ದೆ. ಅವಳು ನನಗಿಂತ ಗಿಡ್ಡ, ಆದರೂ ಬಗ್ಗಿ ಸರಿಮಾಡಿಕೊಂಡಿದ್ದೆ. ಇನ್ನೊಂದು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೋ. ವಿಜಯ್ ಕುಮಾರ್ ರೋಡಿನ ಅಂಚನ್ನು ಬೂಟಿನಿಂದ ಒದ್ದ.

"ಥೂ! ಯಾವ ಹಲ್ಕಾ ಸೂಳೆಮಗ ಹಾಕಿದ್ದೋ ಇದನ್ನ? ಲೆವೆಲ್ ಇಲ್ಲ, ಅಂಚಿಲ್ಲ. ಕುಡ್ದು ಹಾಕಿದಂಗಿದೆ."

"ಕುಡದಿರಲಿಲ್ರೀ," ಎಂದೆ. "ರೋಲರ್ ಇರಲಿಲ್ಲ. ಲೆವೆಲ್ ಬೇಕಿದ್ರ ದಾರ ಹಿಡದು ನೋಡ್ರಿ."

ಕಾಶವ್ವ ಹಣೆ ಚಚ್ಚಿಕೊಂಡಳು. "ಎಂಥಾವನ್ನ ಕಟಗೊಂಡೆನೋ ಯವ್ವಾ."

ವಿಜಯ್ ಕುಮಾರನ ಏಟು ಕೆನ್ನೆಗೆ ಬಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿರುವಾಗಲೇ ಎಎಸ್ಐ ಕಡೆ ತಿರುಗಿದೆ. "ಸಾಹೇಬ್ರ, ಕೆರಿಗಿ ಚೆಲ್ಲು ಅಂದ ಮಾಲು ಇದು. ಕೆರಿಗಿ ಚೆಲ್ಲಿದ್ರ ಕೆರಿ ಮ್ಯಾಲ ಕಂಪ್ಲೇಂಟ್ ಕೊಡ್ತಿದ್ರೇನ್ರಿ?"

ಎಎಸ್ಐ ವಿಜಯ್ ಕುಮಾರನನ್ನು ನೋಡಿದರು. ಅವನು ಓನರಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟ. ಎಎಸ್ಐ ಎರಡು ಸಲ ಸಾರ್ ಸಾರ್ ಎಂದು, ಫೋನು ವಾಪಸು ಕೊಟ್ಟು, ನನ್ನ ರಟ್ಟೆ ಹಿಡಿದರು. "ಹತ್ತೋ ಜೀಪು."

ಹತ್ತಲು ಹೋದರೆ ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ನಸೀಮಾಬಿ ಕೂತಿದ್ದಳು. ಯಾವಾಗ ಹತ್ತಿದಳೋ.

"ಏ ಅಮ್ಮಾ, ಇಳಿ ಕೆಳಗೆ," ಎಂದರು ಎಎಸ್ಐ.

"ಯಾಕೆ? ಕದ್ದ ರೋಡಲ್ಲಿ ನಾನೂ ನಡೆದಿದ್ದೀನಿ. ನಾನೂ ಕಳ್ಳಿ." ಅವಳಿಗೆ ಮಾತಿನ ನಡುವೆ ಏದುಸಿರು. "ಮೊದಲು ಯಲಹಂಕ ಆಸ್ಪತ್ರೆಗೆ ಬಿಡಿ. ಆಮೇಲೆ ಸ್ಟೇಷನ್‌ಗೆ ಬರ್ತೀನಿ. ಇಳಿಸಿದ್ರೆ ಇಲ್ಲೇ ಸಾಯ್ತೀನಿ ಸಾಬ್, ನಿಮ್ಮ ಜೀಪು ಹಿಡ್ಕೊಂಡೇ ಸಾಯ್ತೀನಿ. ಯಾರಿಗೆ ಏನ್ ಹೇಳ್ತೀರೋ ಹೇಳ್ಕೊಳ್ಳಿ."

ಅವಳ ಊದಿದ ಮುಖ ನೋಡಿ ಎಎಸ್ಐ ನನ್ನನ್ನು ಅವಳ ಪಕ್ಕಕ್ಕೆ ನೂಕಿ ಮುಂದೆ ಕೂತರು. ಜೀಪು ತಿರುಗಿತು. ತಿರುಗಿದರೆ ಮುಂದೆ ದಾರಿಯಿಲ್ಲ. ಡಾಂಬರಿನ ಆ ತುದಿಯಲ್ಲಿ, ಜೆಸಿಬಿಯ ಬಾಯಿಗೆ ಎದುರಾಗಿ, ಕಾಶವ್ವ ಕಾಲು ಚಾಚಿ ಕೂತಿದ್ದಳು. ಅವಳ ಅಕ್ಕಪಕ್ಕ ಕಾಲೋನಿಯ ಹೆಂಗಸರು.

"ಏಳ್ರಮ್ಮ, ಜೀಪ್ ಹೋಗ್ಬೇಕು!"

"ಬಿಡ್ತೀವ್ರಿ ಸಾಹೇಬ್ರ," ಎಂದಳು ಕಾಶವ್ವ, ಏಳದೆ. "ನಿಮಗ್ಯಾರು ಬ್ಯಾಡ ಅಂದ್ರು? ಆ ಗಾಡಿ ಮೊದಲ ಹಿಂದ ಸರೀಲಿ."

ನನ್ನ ಪಕ್ಕ ನಸೀಮಾಬಿಯ ಉಸಿರು ಗೊರಗೊರ ಕೇಳುತ್ತಿತ್ತು. ಎಎಸ್ಐ ಕಿಟಕಿಯಿಂದ ತಲೆ ಹೊರಗೆ ಹಾಕಿ ಜೆಸಿಬಿಯವನಿಗೆ ಕೆಟ್ಟದಾಗಿ ಬೈದರು. ಅದು ಹಿಂದಕ್ಕೆ ಹೋಗಿ ಗೋಡೆಯ ಬದಿಗೆ ಸರಿಯಿತು. ಹೆಂಗಸರು ಎದ್ದು ದಾರಿ ಬಿಟ್ಟರು.

ಜೀಪು ಡಾಂಬರಿನ ಮೇಲೆ ಸಾಗಿತು. ನಸೀಮಾಬಿ ಕಿಟಕಿಯ ಸರಳಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು, ತಲೆ ಅಲ್ಲಾಡಲಿಲ್ಲ. ನನ್ನ ಕೆನ್ನೆ ಉರಿಯುತ್ತಿತ್ತು. ನಾಚಿಕೆಗೆಟ್ಟ ನಾನು ಆಗಲೂ ಉಬ್ಬು ಎಲ್ಲೆಲ್ಲಿ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ ಕಲ್ಲಿನ ಹಾದಿ ಬಂತು, ಜೀಪು ಎಗರಿತು, ಅವಳ ತಲೆ ಸರಳಿಗೆ ಬಡಿಯಿತು.

"ಮುಗೀತಾ ನಿನ್ನ ರೋಡು? ಇಷ್ಟೇನಾ?" ಎಂದಳು ಕಣ್ಣು ಬಿಡದೆ.

ನಾನು ಹಿಂದಕ್ಕೆ ತಿರುಗಿ ನೋಡಿದೆ. ಹೆಂಗಸರು ಮತ್ತೆ ಅಡ್ಡಲಾಗಿ ಕೂತಿದ್ದರು. ವಿಜಯ್ ಕುಮಾರ್ ಎರಡೂ ಕೈ ಬೀಸಿ ಜೆಸಿಬಿಯನ್ನು ಕರೆಯುತ್ತಿದ್ದ. ಅದು ಬಕೆಟ್ಟನ್ನು ಮೇಲೆತ್ತಿಕೊಂಡು ಮುಂದಕ್ಕೆ ಬರತೊಡಗಿತು. ಕಾಶವ್ವ ಏಳಲಿಲ್ಲ. ಅಷ್ಟರಲ್ಲಿ ಲೇಔಟಿನ ಗೋಡೆ ಅಡ್ಡ ಬಂತು.