ಲಗ್ನಪತ್ರಿಕೆಯ ನಂದಿ

ಮಗಳು ಗಾರ್ಗಿ ಮೆಚ್ಚಿದ ಜರ್ಮನ್ ಹುಡುಗನ ಗೋತ್ರ ಕೇಳಬೇಡಿ ಎಂದು ನಮ್ಮ ಯಜಮಾನರಿಗೆ ಬಡಕೊಂಡೆ. ಕೇಳಿಯೇ ಬಿಟ್ಟರು. ಆ ಟೋಬಿಯಾಸ್ ಮೆಟ್ಸ್‌ಗರ್ ಪಾಪ, ತನ್ನ ಮನೆತನದ ಲಾಂಛನ ಕಳಿಸಿದ. ಗುರಾಣಿಯ ಮೇಲೆ ಹೋರಿಯ ತಲೆ. ಇವರು ನಂದಿಯೆಂದೇ ಹಿಗ್ಗಿ, ಯಾರನ್ನೂ ಕೇಳದೆ, ಅದನ್ನು ಲಗ್ನಪತ್ರಿಕೆಯಲ್ಲಿ ಗಣಪತಿಯ ಪಕ್ಕ ಅಚ್ಚು ಹಾಕಿಸಿ ಮೈಸೂರಿಗೆಲ್ಲ ಹಂಚಿಸಿದರು.

ಭಾನುವಾರ ಇಲ್ಲಿ ವಿಲಾಯತಿಯ ಹ್ಯಾರೋದ ನಮ್ಮ ಮನೆಗೆ ಊಟಕ್ಕೆ ಬಂದ ಹುಡುಗ ಪತ್ರಿಕೆ ನೋಡಿ ಬಿಳಿಚಿಕೊಂಡ. ಮೆಟ್ಸ್‌ಗರ್ ಎಂದರೆ ಕಟುಕ, ಆ ತಲೆ ಅವರ ಕಸುಬಿನ ಗುರುತು ಎಂದ. ಇವರ ಕೈಯ ತುತ್ತು ಅಲ್ಲೇ ನಿಂತಿತು.

ಅಷ್ಟರಲ್ಲಿ ಮೈಸೂರಿನಿಂದ ನಮ್ಮತ್ತೆಯ ಫೋನು. ಇವರ ಕೈ ಎಂಜಲು, ನಾನೇ ಸ್ಪೀಕರ್ ಒತ್ತಿದೆ.

"ಪತ್ರಿಕೆ ಬಂತು ಕಣೋ. ನಂದಿ ಲಕ್ಷಣವಾಗಿದ್ದಾನೆ, ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ಆದ್ರೆ ಮೈ ಎಲ್ಲಿ ಹೋಯ್ತೋ?"